ಮಿನೆಗಿಶಿಯವರಿಗೆ ಹೇಳದ ಸುದ್ದಿ

ಕಳೆದ ಜನವರಿಯ ಒಂದು ಬೆಳಿಗ್ಗೆ ಅಬುಧಾಬಿಯ ಅಲ್ ಮೀನಾ ಮೀನು ಮಾರುಕಟ್ಟೆಗೆ ಹೋದವರು ನಾವು ಮೂವರು: ನಾನು, ನನ್ನ ಹೆಂಡತಿ ಸುಶೀಲ, ಕಾಲೇಜಿನ ರಜೆಗೆ ಬಂದಿದ್ದ ಮಗಳು ಪ್ರಣೀತ. ಮಗಳು ದುಪಟ್ಟಾದ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲ ಹತ್ತಿರವೇ ನಿಂತಳು. ಸುಶೀಲ ಕುಂದಾಪುರದ ಕನ್ನಡ, ಅರೆಬರೆ ಹಿಂದಿ, ನಾಲ್ಕು ಅರಬ್ಬಿ ಮಾತು ಎಲ್ಲವನ್ನೂ ಕಲಸಿಕೊಂಡು ಬಂಗಾಲಿ ಅಂಗಡಿಯವನ ಜೊತೆ ಚೌಕಾಸಿಗೆ ಇಳಿದಳು. ಅವನು ಒಂದು ಶೇರಿ ಮೀನನ್ನು ಎತ್ತಿ, ಬೆನ್ನಿನ ರೆಕ್ಕೆಯನ್ನು ಬೆರಳಿನಿಂದ ಬಿಡಿಸಿ ತೋರಿಸಿದ. ಲೋಳೆಯ, ಉಪ್ಪುನೀರಿನ, ಮಂಜುಗಡ್ಡೆಯ ವಾಸನೆ ಒಟ್ಟಿಗೇ ಮೂಗಿಗೆ ಬಡಿಯಿತು. ನಾನು ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

"ಅಪ್ಪಾ, ವೈ ಆರ್ ಯು ಸ್ಟ್ಯಾಂಡಿಂಗ್ ಲೈಕ್ ದಟ್?" ಎಂದು ಮಗಳು ದೂರದಿಂದಲೇ ಕೇಳಿದಳು.

"ಜಪಾನಿನವ್ರ್ ನೆನ್ಪಾಯಿರ್ಕ್," ಎಂದು ಸುಶೀಲ ಹಿಂತಿರುಗದೆಯೇ ಉತ್ತರ ಕೊಟ್ಟಳು. "ಶೇರಿ ಮೀನ್ ಕಂಡ್ರೆ ನಿಮ್ಮಪ್ಪಯ್ಯ ಹಾಂಗೇ ಆಪುದ್."

ಅವಳು ಹೇಳಿದ್ದು ಸರಿಯೇ. ಮಿನೆಗಿಶಿ ಸಾನ್ ನೆನಪಾಗಿದ್ದರು. 'ಸಾನ್' ಎಂದರೆ ಅವರ ಮಾತಿನಲ್ಲಿ ನಮ್ಮ 'ಅವರು' ಇದ್ದ ಹಾಗೆ. ನನ್ನನ್ನೂ ಅವರು 'ಶೀನಾ ಸಾನ್' ಎಂದೇ ಕರೆಯುತ್ತಿದ್ದರು. ಊರಿನಲ್ಲಿ ಬರೀ ಶೀನ, ಗಲ್ಫಿಗೆ ಬಂದ ಮೇಲೆ ಶೀನಣ್ಣ. ಅದಕ್ಕಿಂತ ದೊಡ್ಡ ಮರ್ಯಾದೆ ನನ್ನ ಹೆಸರಿಗೆ ಸಿಕ್ಕಿದ್ದು ಅವರ ಬಾಯಲ್ಲಿ ಮಾತ್ರ. ಆ ಮರ್ಯಾದೆಯನ್ನು ನಾನು ಹೇಗೆ ತೀರಿಸಿದೆ ಎನ್ನುವುದೇ ಎರಡು ಸಾವಿರದ ಹದಿನಾಲ್ಕರ ಬೇಸಿಗೆಯ ಕಥೆ.

ಆಗ ನಾನು ಎಲೆಕ್ಟ್ರಾ ಸ್ಟ್ರೀಟ್‌ನ ಹಿಂದಿನ ಒಂದು ಕಟ್ಟಡದಲ್ಲಿ, ಹತ್ತಾರು ಬಗೆಯ ವ್ಯಾಪಾರವಿದ್ದ ಒಂದು ಕಂಪನಿಗೆ ಪಿ.ಆರ್.ಒ. ಆಗಿದ್ದೆ. ಹೆಸರು ದೊಡ್ಡದು, ಕೆಲಸ ಸರತಿಯಲ್ಲಿ ನಿಲ್ಲುವುದು. ವೀಸಾ ಹೊಡೆಸುವುದು, ಮೆಡಿಕಲ್‌ಗೆ ಕರೆದೊಯ್ಯುವುದು, ಲೈಸೆನ್ಸ್ ನವೀಕರಣದ ಕಾಗದ ಹೊತ್ತು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಓಡುವುದು. ಯಾರೇ ಕಂಪನಿಗೆ ಬರಲಿ, ಯಾರೇ ಬಿಟ್ಟುಹೋಗಲಿ, ಅದು ಮೊದಲು ಗೊತ್ತಾಗುತ್ತಿದ್ದದ್ದು ನನ್ನ ಕೈಯಲ್ಲಿರುವ ಫೈಲಿಗೆ.

ಕಂಪನಿಯ ಮಾಲೀಕರಿಗೆ ಅದರ ಹಿಂದಿನ ವರ್ಷ ವಿಡಿಯೋ ಗೇಮ್ ಮಾಡಿಸುವ ಹುಮ್ಮಸ್ಸು ಬಂದಿತ್ತು. ಆರನೇ ಮಹಡಿಯಲ್ಲಿ ಒಂದು ಸ್ಟುಡಿಯೋ ತೆರೆದು, ಹನ್ನೊಂದು ಜನ ಹುಡುಗ ಹುಡುಗಿಯರನ್ನು ಕೂರಿಸಿ, ಅವರಿಗೆಲ್ಲ ಗುರುವಾಗಿ ಜಪಾನಿನಿಂದ ಐವತ್ತೆಂಟು ವರ್ಷದ ಮಿನೆಗಿಶಿಯವರನ್ನು ಕರೆಸಿದರು. ಕುಳ್ಳಗಿನ ಮನುಷ್ಯ, ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು, ಅಂಗಿಗೆ ಎರಡು ಜೇಬು, ಎರಡರಲ್ಲೂ ಪೆನ್ಸಿಲ್. ಸುತ್ತಲೂ ಎಲ್ಲರೂ ಕಂಪ್ಯೂಟರ್ ಮುಂದೆ ಕೂತಿದ್ದರೆ ಇವರು ಚೌಕುಳಿ ಗೆರೆಯ ದೊಡ್ಡ ಹಾಳೆಗಳ ಮೇಲೆ ಆಟವನ್ನು ಬರೆಯುತ್ತಿದ್ದರು. ದೋಣಿ ಎಲ್ಲಿ, ಕಟ್ಟೆ ಎಲ್ಲಿ, ಬೆಕ್ಕು ಯಾವಾಗ ಏಳುತ್ತದೆ, ಎಲ್ಲವೂ ಪೆನ್ಸಿಲ್‌ನಲ್ಲಿ. ಹಾಳೆಯ ಮೇಲೆ ಸರಿಯಾದದ್ದು ಮಾತ್ರ ಕಂಪ್ಯೂಟರಿಗೆ ಹೋಗಬೇಕು ಎನ್ನುವುದು ಅವರ ನೇಮ.

ನಮ್ಮಿಬ್ಬರ ಇಂಗ್ಲಿಷ್ ಎರಡೂ ಕುಂಟುತ್ತಿದ್ದವು. ಒಬ್ಬ ಕುಂಟನಿಗೆ ಇನ್ನೊಬ್ಬ ಕುಂಟನ ನಡಿಗೆ ಚೆನ್ನಾಗಿ ಹೊಂದುತ್ತದಲ್ಲ, ಹಾಗೆ ನಮಗೆ ಹೊಂದಿತು. ಅವರ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಮ್ಮನ್ನು ಗಂಟು ಹಾಕಿದ್ದು ಮೀನು. ಬಂದ ಮೊದಲ ತಿಂಗಳಿನಲ್ಲೇ ಅವರು ನನ್ನ ಬಳಿ ಬಂದು, ಒಳ್ಳೆಯ ಮೀನು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಮೊಗವೀರರ ಮನೆಯಲ್ಲಿ ಹುಟ್ಟಿದವನ ಹತ್ತಿರ ಕೇಳುವ ಪ್ರಶ್ನೆಯೇ ಅದು! ಆ ಶುಕ್ರವಾರ ಬೆಳಿಗ್ಗೆ ನಾನೇ ಮೀನಾಕ್ಕೆ ಹೋಗಿ, ಕೈಯಷ್ಟು ಉದ್ದದ ಶೇರಿ ಆರಿಸಿ, ಮೀನು ಸೀಳಿಕೊಡುವ ಕಟ್ಟೆಯಲ್ಲಿ ಹುರುಪೆ ತೆಗೆಸಿ, ಹೊಟ್ಟೆ ಬಗೆಸಿ, ತಲೆ ಬೇರೆ ಮಾಡಿಸಿ, ಅವರ ಫ್ಲ್ಯಾಟಿಗೆ ತಲುಪಿಸಿದೆ. ನಮ್ಮ ಕಡೆ ಮೀನು ಉಡುಗೊರೆ ಕೊಡುವುದಾದರೆ ಹಾಗೆಯೇ. ಅವರು ಚೀಲ ತೆರೆದು ನೋಡಿ, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, "ಬಹಳ ರುಚಿಯಾಗಿರುತ್ತದೆ" ಎಂದರು.

ಅವರಿಗೆ ಬೇಕಿದ್ದದ್ದು ಇಡೀ ಮೀನು ಎಂದು ಗೊತ್ತಾದದ್ದು ತಿಂಗಳ ನಂತರ, ಅವರ ಗೋಡೆಯ ಮೇಲಿನ ಮೀನಿನ ಅಚ್ಚುಗಳನ್ನು ಕಂಡಾಗ. ಅವರ ಊರಿನ ಕಡೆ ಒಂದು ಪದ್ಧತಿ ಇದೆ. ಹಿಡಿದ ಮೀನನ್ನು ಉಪ್ಪು ಹಾಕಿ ಉಜ್ಜಿ ಲೋಳೆ ತೆಗೆದು, ಮೈಗೆ ಕಪ್ಪು ಮಸಿ ಬಳಿದು, ತೆಳು ಕಾಗದ ಹೊದಿಸಿ ಬೆರಳಿನಿಂದ ಒತ್ತುತ್ತಾರೆ. ಕಾಗದ ಎತ್ತಿದರೆ ಹುರುಪೆ ಹುರುಪೆಯೂ ಅಚ್ಚೊತ್ತಿರುತ್ತದೆ. ನಾನು ಹುರುಪೆಯನ್ನೇ ಕೆರೆಸಿ ತಂದುಕೊಟ್ಟಿದ್ದೆ!

ಆಮೇಲೆ ಪ್ರತಿ ಶುಕ್ರವಾರ ಇಬ್ಬರೂ ಒಟ್ಟಿಗೆ ಮೀನಾಕ್ಕೆ ಹೋಗತೊಡಗಿದೆವು. ಅಚ್ಚು ತೆಗೆದ ಮೇಲೆ ಮಸಿ ತೊಳೆದ ಮೀನು ನಮ್ಮ ಮನೆಗೆ ಬರುತ್ತಿತ್ತು.

"ಹ್ವಾಯ್, ಮಸಿ ಬಳ್ದ ಮೀನ್ ಯಾರಾರೂ ತಿಂತ್ರಾ?" ಎಂದು ಸುಶೀಲ ಮೊದಲ ಸಲ ಅಡುಗೆಮನೆಯಿಂದ ಕೂಗಿದ್ದಳು. "ಅವ್ರಿಗ್ ಹೇಳಿ, ಮೀನಿನ್ ಫೋಟೋ ತೆಗುಕ್ ಮೊಬೈಲ್ ಇತ್ತಲೆ ಅಂದೇಳಿ."

ನಾನು ಅದನ್ನು ಹಾಗೆಯೇ ಅವರಿಗೆ ಹೇಳಿದೆ. ಮಿನೆಗಿಶಿ ಸಾನ್ ನಗುತ್ತ, "ಫೋಟೋಗೆ ಒಂದು ಕ್ಷಣ ಸಾಕು. ಇದಕ್ಕೆ ಮೀನನ್ನು ಮುಟ್ಟಬೇಕು," ಎಂದರು. ಮಾರನೆಯ ವಾರ ಸುಶೀಲ ಅಂಥದ್ದೇ ಮೀನಿಗೆ ಕೊತ್ತಂಬರಿ, ಮೆಣಸು, ಹುಳಿ ಅರೆದು ಗಸಿ ಮಾಡಿ ಡಬ್ಬಿಯಲ್ಲಿ ಅವರಿಗೆ ಕಳಿಸಿದಳು. ಡಬ್ಬಿ ತೊಳೆದು ಒಳಗೆ ಒಂದು ಕಿತ್ತಳೆ ಇಟ್ಟು ವಾಪಸು ಕೊಟ್ಟರು. ಅಲ್ಲಿಂದ ಮುಂದೆ ಅವಳು ಮಸಿಯ ಸುದ್ದಿ ಎತ್ತಲಿಲ್ಲ.

ಕಾರಿನಲ್ಲಿ ಹೋಗುವಾಗ, ಬರುವಾಗ ಅವರ ಬದುಕು ತುಂಡು ತುಂಡಾಗಿ ಹೊರಬರುತ್ತಿತ್ತು. ನಾಗಸಾಕಿಯ ಆಚೆಗಿನ ಒಂದು ಸಣ್ಣ ದ್ವೀಪದವರು. ತಂದೆ ಮೀನು ಹಿಡಿಯುತ್ತಿದ್ದವರು. ಇವರು ಚಿತ್ರ ಬರೆಯುವುದು ಕಲಿತು ಆಟಿಕೆ ಕಂಪನಿಯೊಂದಕ್ಕೆ ಸೇರಿದರು. ಟೀವಿಗೆ ಸಿಕ್ಕಿಸಿ ಆಡುವ ಗೇಮ್‌ಗಳು ಆಗಷ್ಟೇ ಬರುತ್ತಿದ್ದ ಕಾಲ. ಇಪ್ಪತ್ತೇಳನೆಯ ವಯಸ್ಸಿಗೆ ದೀಪಸ್ತಂಭ ಕಾಯುವವನ ಆಟವೊಂದನ್ನು ಮಾಡಿದರು. ಹಡಗು ಬರುವ ಮೊದಲು ಮೆಟ್ಟಿಲು ಹತ್ತಿ ದೀಪ ಹಚ್ಚಬೇಕು, ಅಷ್ಟೇ. ದೇಶವಿಡೀ ಆಡಿತು. ಆದರೆ ಅಂದಿನ ಕಂಪನಿಗಳು ಆಟ ಮಾಡಿದವರ ನಿಜವಾದ ಹೆಸರು ಹಾಕುತ್ತಿರಲಿಲ್ಲವಂತೆ, ಬೇರೆ ಕಂಪನಿಯವರು ಎಳೆದುಕೊಂಡು ಹೋದಾರು ಎಂದು. ಆಟದ ಕೊನೆಯಲ್ಲಿ ಇವರ ಹೆಸರು 'ಆಕ್ಟೋಪಸ್' ಎಂದು ಬಂತು. ಆಮೇಲಿನ ಆಟಗಳಲ್ಲಿ ನೂರು ಜನರ ನಡುವೆ ಒಬ್ಬರಾದರು. ಕೊನೆಗೆ ಕಂಪನಿ ಇನ್ನೊಂದರ ಜೊತೆ ಸೇರಿತು. ಇವರಿಗೆ ಕಿಟಕಿ ಪಕ್ಕದಲ್ಲಿ ಮೇಜು ಕೊಟ್ಟರು, ಕೆಲಸ ಕೊಡಲಿಲ್ಲ. ಏಳು ವರ್ಷ ಕಿಟಕಿ ನೋಡಿದರಂತೆ.

"ಶೀನಾ ಸಾನ್, ಇದು ಕೊನೆಯ ಆಟ," ಎಂದು ಒಂದು ಶುಕ್ರವಾರ ಹೇಳಿದರು. "ಇದರಲ್ಲಿ ನನ್ನ ಹೆಸರು ಇರುತ್ತದೆ. ತಂದೆ ಇಟ್ಟ ಹೆಸರು."

ಎಲೆಕ್ಟ್ರಾ ಸ್ಟ್ರೀಟ್‌ನಲ್ಲಿ ಭಟ್ಕಳದ ಇಕ್ಬಾಲ್‌ನ ಎಲೆಕ್ಟ್ರಾನಿಕ್ಸ್ ಅಂಗಡಿ ಇತ್ತು. ಹಳೆಯ ಗೇಮ್ ಸೆಟ್ಟುಗಳನ್ನು ನೋಡುವ ಆಸೆ ಅವರಿಗೆ ಎಂದು ಒಮ್ಮೆ ಅಲ್ಲಿಗೆ ಕರೆದೊಯ್ದೆ. ಧೂಳು ಹಿಡಿದ ಒಂದು ಪೆಟ್ಟಿಗೆಯೊಳಗಿಂದ ಮಿನೆಗಿಶಿ ಸಾನ್ ಹಳದಿ ಬಣ್ಣದ ಒಂದು ನಕಲಿ ಕ್ಯಾಸೆಟ್ ಹೆಕ್ಕಿದರು. 'ನೂರೊಂದು ಆಟ' ಎಂಬಂಥದ್ದು. ಇಕ್ಬಾಲ್ ಅದನ್ನು ಟೀವಿಗೆ ಹಾಕಿದ. ಹತ್ತೋ ಹನ್ನೊಂದೋ ಆಟ ದಾಟಿದ ಮೇಲೆ ದೀಪಸ್ತಂಭ ಬಂತು.

"ಅಯ್ಯೋ, ಇದು! ಇದು ನಾ ಸಣ್ಣಾಗಿದ್ದಾಗ ಆಡಿದ್ದು ಶೀನಣ್ಣ!" ಇಕ್ಬಾಲ್ ಕೌಂಟರ್ ಬಿಟ್ಟು ಹೊರಬಂದ. "ಅಬ್ಬಾ ದುಬೈಯಿಂದ ಟೀವಿ ಗೇಮ್ ತಂದಿದ್ರು. ಭಟ್ಕಳದಲ್ಲಿ ನಮ್ಮ ಗಲ್ಲಿ ಪೂರಾ ನಮ್ಮನೇಲೇ ಇರ್ತಿತ್ತು. ಆರನೇ ಮೆಟ್ಲಿಗೆ ಬಾವಲಿ ಬರ್ತದೆ, ನೋಡಿ ಬೇಕಾದ್ರೆ!"

ಬಾವಲಿ ಬಂತು. "ಮಾಡಿದ್ದು ಇವರೇ ಮಾರಾಯ," ಎಂದೆ. ಇಕ್ಬಾಲ್ ನಂಬಲಿಲ್ಲ. ನಂಬಿದ ಮೇಲೆ ಎರಡೂ ಕೈಯಿಂದ ಅವರ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಮೂವರಿಗೂ ಕರಕ್ ಚಹಾ ತರಿಸಿದ. ಮಿನೆಗಿಶಿ ಸಾನ್ ಟೀವಿ ನೋಡುತ್ತ, "ನಕಲು ಮಾಡಿದವರಿಗೆ ನನ್ನ ಹೆಸರು ಅಳಿಸುವ ಕೆಲಸವೇ ಇರಲಿಲ್ಲ, ನೋಡಿ," ಎಂದು ನಕ್ಕರು. ನಮಗಿಬ್ಬರಿಗೂ ನಗು ಬರಲಿಲ್ಲ.

ಹೊಸ ಆಟ ಬಂದರಿನದು. ಕಟ್ಟೆಯ ಮೇಲೆ ಒಂದು ಮಗು ಗಾಳದ ನೂಲು ಹಿಡಿದು ಕೂತಿದೆ. ತಂದೆಯ ದೋಣಿ ಕಡಲಿಗೆ ಹೋಗಿದೆ. ಕೊಲ್ಲುವುದು, ಓಡುವುದು, ಅಂಕ ಗಳಿಸುವುದು ಯಾವುದೂ ಇಲ್ಲ. ಮೀನು ತನಗೆ ಬೇಕಾದಾಗ ಬರುತ್ತದೆ. ಅವಸರದಲ್ಲಿ ನೂಲು ಎಳೆದರೆ ಬರುವುದೇ ಇಲ್ಲ.

"ಇದನ್ನು ಯಾರು ಆಡುತ್ತಾರೆ ಸಾರ್?" ಎಂದು ಕೇಳಿಯೇಬಿಟ್ಟೆ.

"ಆಡುವವನಿಗೆ ಮೊದಲು ಸಿಟ್ಟು ಬರುತ್ತದೆ. ಆಮೇಲೆ ಬೇಜಾರಾಗಿ ಸುತ್ತಮುತ್ತ ನೋಡುತ್ತಾನೆ. ಹಾಗೆ ನೋಡಿದಾಗ ಏನು ಕಾಣಬೇಕೋ ಅದನ್ನು ನಾನು ಮಾಡುತ್ತಿದ್ದೇನೆ."

ಹಾಗಾಗಿ ಅವರಿಗೆ ಕಾಯುವವರ ವಿಷಯ ಎಷ್ಟು ಕೇಳಿದರೂ ಸಾಲದು. ನಿಮ್ಮ ಕಡೆ ದೋಣಿ ಹೋದ ಮೇಲೆ ಹೆಂಗಸರು ಏನು ಮಾಡುತ್ತಾರೆ, ಮಕ್ಕಳು ಏನು ಮಾಡುತ್ತಾರೆ ಎಂದು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದರು. ನಾನು ನನ್ನ ಅಮ್ಮಮ್ಮನ ನೇಮ ಹೇಳಿದೆ. ಅಪ್ಪಯ್ಯನ ದೋಣಿ ನೀರಿನಲ್ಲಿ ಇರುವ ತನಕ ನಮ್ಮ ಮನೆಯಲ್ಲಿ ಕೆಟ್ಟ ಸುದ್ದಿ ಆಡುವಂತಿರಲಿಲ್ಲ. ಯಾರದೋ ಸಾವು, ಯಾರದೋ ಜಗಳ, ಹಟ್ಟಿಯಲ್ಲಿ ಕರು ಸತ್ತದ್ದು, ಯಾವುದೂ ಬಾಯಿಗೆ ಬರಬಾರದು. ದೋಣಿ ದಡ ಮುಟ್ಟಿ, ಬಲೆ ಹರವಿ, ಗಂಡಸರು ಗಂಜಿ ಉಂಡ ಮೇಲೆಯೇ ಮಾತು. ನಮ್ಮ ತಾಯಿಯ ಅಣ್ಣ ಸತ್ತ ಸುದ್ದಿ ಬೆಳಿಗ್ಗೆ ಬಂದಿತ್ತು. ಅಮ್ಮ ಸಂಜೆಯ ತನಕ ಅಳದೆ ಮೀನು ಒಣಗಿಸಿದ್ದಳು. ಮಿನೆಗಿಶಿ ಸಾನ್ ಪೆನ್ಸಿಲ್ ನಿಲ್ಲಿಸಿ ನನ್ನ ಮುಖ ನೋಡಿದರು. ಮುಂದಿನ ವಾರ ಅವರ ಹಾಳೆಯ ಮೇಲೆ, ಕಟ್ಟೆಯಲ್ಲಿ ಅಳದೆ ಮೀನು ಒಣಗಿಸುವ ಹೆಂಗಸೊಬ್ಬಳು ಬಂದು ಕೂತಿದ್ದಳು.

ಜೂನ್ ಬಂತು. ಅಬುಧಾಬಿಯ ಜೂನ್ ಎಂದರೆ ಕಾರಿನ ಬಾಗಿಲು ಮುಟ್ಟಿದರೆ ಬೆರಳು ಸುಡುವ ಕಾಲ. ಕಟ್ಟಡದಿಂದ ಹೊರಬಿದ್ದ ಕೂಡಲೇ ಕನ್ನಡಕದ ಮೇಲೆ ಆವಿ ಕೂತು ಕಣ್ಣೇ ಕಾಣುವುದಿಲ್ಲ. ರಂಜಾನ್ ಶುರುವಾಗುವುದಕ್ಕೆ ಎರಡು ವಾರ ಇತ್ತು. ಜನರಲ್ ಮ್ಯಾನೇಜರ್ ನನ್ನನ್ನು ಕರೆದು ಬಾಗಿಲು ಹಾಕಲು ಹೇಳಿದರು. ಸ್ಟುಡಿಯೋದ ಲೈಸೆನ್ಸ್ ಅಕ್ಟೋಬರಿನಲ್ಲಿ ಮುಗಿಯುತ್ತದೆ, ನವೀಕರಿಸುವುದು ಬೇಡ, ಹನ್ನೆರಡು ಜನರ ವೀಸಾ ರದ್ದು ಮಾಡುವ ಕಾಗದ ತಯಾರು ಮಾಡು ಎಂದರು.

"ಜಪಾನಿ ಸಾಹೇಬರಿಗೆ?" ಎಂದೆ.

"ಯಾರಿಗೂ ಹೇಳುವುದು ಬೇಡ. ಮೇಲಿನವರ ಮಾತು. ಅಲ್ಲಿಯವರೆಗೆ ಎಷ್ಟು ಕೆಲಸ ಆಗುತ್ತದೋ ಆಗಲಿ." ಅವರೂ ನನ್ನ ಕಣ್ಣು ನೋಡದೆಯೇ ಹೇಳಿದರು.

ಲಿಫ್ಟಿನಲ್ಲಿ ಆರನೇ ಮಹಡಿಗೆ ಹೋದೆ, ಏಕೆ ಹೋದೆನೋ ಗೊತ್ತಿಲ್ಲ. ಮಿನೆಗಿಶಿ ಸಾನ್ ನೆಲದ ಮೇಲೆ ಹಾಳೆಗಳನ್ನು ಹರವಿಕೊಂಡು ಮಂಡಿಯೂರಿ ಕೂತಿದ್ದರು. ನನ್ನನ್ನು ಕಂಡು, "ಶೀನಾ ಸಾನ್, ಇವತ್ತು ಮಳೆ ಬಂತು!" ಎಂದರು. ಆಟದೊಳಗಿನ ಮಳೆ. ಒಬ್ಬ ಹುಡುಗಿ ಕಂಪ್ಯೂಟರಿನಲ್ಲಿ ತೋರಿಸಿದಳು. ಬಂದರಿನ ಮೇಲೆ ನಮ್ಮೂರಿನ ಹಾಗೆಯೇ ಓರೆಯಾಗಿ ಹನಿ ಬೀಳುತ್ತಿತ್ತು. ನಾನು ಚೆನ್ನಾಗಿದೆ ಎಂದೆ. ಕೆಳಗಿಳಿದು ಬಂದೆ.

ರಂಜಾನಿನಲ್ಲಿ ಕಚೇರಿ ಮಧ್ಯಾಹ್ನವೇ ಮುಚ್ಚುತ್ತಿತ್ತು. ಒಂದು ದಿನ ಮೆಟ್ಟಿಲ ಬಳಿ ಅವರು ನನಗಾಗಿ ಕಾಯುತ್ತಿದ್ದರು. ಒಸಾಕಾದ ಹಳೆಯ ಗೆಳೆಯರೊಬ್ಬರು ಫೋನ್ ಮಾಡಿದ್ದರಂತೆ. ಅವರದು ಸಣ್ಣ ಕಂಪನಿ. ಬಂದರಿನ ಆಟ ಅವರಿಗೆ ಇಷ್ಟವಾಗಿತ್ತು. ಇಲ್ಲಿನ ಮಾಲೀಕರ ಹತ್ತಿರ ಮಾತಾಡಿ ಆಟವನ್ನೂ ಇವರನ್ನೂ ತಾವೇ ತೆಗೆದುಕೊಳ್ಳಲು ತಯಾರಿದ್ದರು. ಆದರೆ ಆಗಸ್ಟ್ ಕೊನೆಯೊಳಗೆ ಹೌದು ಎನ್ನಬೇಕು. ಇಲ್ಲವಾದರೆ ಅವರು ಬೇರೆ ಆಟಕ್ಕೆ ಕೈ ಹಾಕುತ್ತಾರೆ.

"ಇಲ್ಲಿಯವರು ನನ್ನನ್ನು ನಂಬಿ ಕರೆಸಿದ್ದಾರೆ. ಅರ್ಧಕ್ಕೆ ಬಿಟ್ಟು ಹೋಗುವುದು ಸರಿಯಲ್ಲ," ಎಂದರು. ಆಮೇಲೆ ಸ್ವಲ್ಪ ತಡೆದು, "ಶೀನಾ ಸಾನ್, ನನ್ನ ವೀಸಾ ಫೆಬ್ರವರಿಗೆ ಮುಗಿಯುತ್ತದೆ. ಮತ್ತೆ ಆಗುತ್ತದಲ್ಲ?"

ಅವರು ಕೇಳಿದ್ದು ವೀಸಾದ ವಿಷಯವಲ್ಲ, ನನಗೆ ಗೊತ್ತಾಗಿತ್ತು. ಕಂಪನಿ ಉಳಿಯುತ್ತದೆಯೇ ಎಂದು ನೇರವಾಗಿ ಕೇಳಿದರೆ ನನಗೆ ಇಕ್ಕಟ್ಟಾದೀತು ಎಂದು ಅಷ್ಟೇ ಕೇಳಿದ್ದರು.

"ನೋ ಪ್ರಾಬ್ಲಂ ಸಾರ್," ಎಂದೆ. "ಆಗುತ್ತದೆ."

ಅವರು ಸೊಂಟ ಬಗ್ಗಿಸಿ ನಮಸ್ಕರಿಸಿ ಮೇಲಕ್ಕೆ ಹೋದರು.

ಕೆಲಸ ಹೋದೀತೆಂಬ ಹೆದರಿಕೆ ನನಗಿರಲಿಲ್ಲವೆಂದಲ್ಲ. ಇತ್ತು. ಹದಿನೆಂಟು ವರ್ಷದ ಗಲ್ಫ್ ಬದುಕು ಮೇಲಿನವರ ಮಾತು ಮೀರದಿರುವುದನ್ನು ಕಲಿಸಿರುತ್ತದೆ. ಆದರೆ ನನ್ನ ಬಾಯಿ ಕಟ್ಟಿದ್ದು ಅದೊಂದೇ ಎಂದರೆ ಸುಳ್ಳಾಗುತ್ತದೆ. ಅವರು ಹಾಳೆಗಳ ನಡುವೆ ಮಂಡಿಯೂರಿ ಕೂತದ್ದು ಕಂಡಾಗಲೆಲ್ಲ ನನಗೆ ನೀರಿನ ಮೇಲಿರುವ ದೋಣಿ ಕಾಣುತ್ತಿತ್ತು. ಕೆಲಸ ಮುಗಿಯಲಿ, ದಡ ಮುಟ್ಟಲಿ, ಆಮೇಲೆ ಹೇಳಿದರಾಯಿತು. ಅಕ್ಟೋಬರಿನೊಳಗೆ ಆಟ ಪೂರ್ತಿಯಾದರೆ ಮಾಲೀಕರ ಮನಸ್ಸೇ ತಿರುಗಬಹುದು. ಅಮ್ಮಮ್ಮನ ನೇಮವನ್ನೇ ಪಾಲಿಸುತ್ತಿದ್ದೇನೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡ ದಿನಗಳೂ ಇವೆ.

ಇಕ್ಬಾಲ್‌ಗೆ ಮಾತ್ರ ಹೇಳಿದ್ದೆ. ಅಂಗಡಿಯಲ್ಲಿ ಇಫ್ತಾರಿಗೆ ಖರ್ಜೂರ ಬಿಡಿಸುತ್ತಿದ್ದವನು ಕೈ ನಿಲ್ಲಿಸಿದ.

"ಹೇಳ್ಬಿಡಿ ಶೀನಣ್ಣ. ಇವತ್ತೇ ಹೇಳ್ಬಿಡಿ."

"ಕೆಲಸದ ನಡುವೆ ಹೇಗೆ ಹೇಳೋದು ಮಾರಾಯ? ಮನಸ್ಸು ಮುರಿದು ಬೀಳುತ್ತಾರೆ."

"ಮನಸ್ಸು ಮುರಿದ್ರೆ ಕೂಡ್ತದೆ. ಆಗಸ್ಟ್ ಹೋದ್ರೆ ಖಲಾಸ್, ವಾಪಸ್ ಬರೋದಿಲ್ಲ." ಅವನು ಖರ್ಜೂರದ ಬೀಜವನ್ನು ತಟ್ಟೆಗೆ ಹಾಕಿದ. "ನಾ ಹೇಳ್ಲಾ? ನಂಗೆ ನಿಮ್ಮ ಮ್ಯಾನೇಜರ್ ಏನೂ ಮಾಡೋಕಾಗಲ್ಲ."

ಬೇಡ, ನಾನೇ ಹೇಳುತ್ತೇನೆ ಎಂದು ಅವನಿಗೆ ಮಾತು ಕೊಟ್ಟೆ. ಆ ಮಾತೊಂದು ಕೊಡದಿದ್ದರೆ ಅವನಾದರೂ ಹೇಳುತ್ತಿದ್ದ.

ಹಬ್ಬ ಕಳೆಯಿತು. ಆಗಸ್ಟಿನ ಶುಕ್ರವಾರಗಳಲ್ಲಿ ಗಾಳಿ ಬಿಸಿ ಒದ್ದೆಬಟ್ಟೆಯ ಹಾಗೆ ಮೈಗೆ ಅಂಟುತ್ತಿತ್ತು. ಮೀನಾದಲ್ಲಿ ದೋಣಿಗಳೂ ಕಡಿಮೆ, ಮೀನೂ ಕಡಿಮೆ. ಪ್ರತಿ ಶುಕ್ರವಾರ ಇಂದು ಹೇಳುತ್ತೇನೆ ಎಂದುಕೊಂಡು ಕಾರು ಹತ್ತುತ್ತಿದ್ದೆ. ಅವರು ಆಟಕ್ಕೆ ಹೊಸದಾಗಿ ಬರೆದದ್ದನ್ನು ತೋರಿಸುತ್ತಿದ್ದರು: ಬಲೆ ಹೆಣೆಯುವ ಮುದುಕನ ಬೆರಳು, ಬಿಸಿಲಿಗೆ ಬಣ್ಣ ಕಳೆದುಕೊಂಡ ದೋಣಿಯ ಪಕ್ಕ. ಆಗಸ್ಟಿನ ಕೊನೆಯ ಶುಕ್ರವಾರ ಅವರು ತುಂಬಾ ಹಗುರಾಗಿದ್ದರು. "ಗೆಳೆಯನಿಗೆ ಬೇಡ ಎಂದು ಬರೆದೆ," ಎಂದರು. ಆ ದಿನ ನಾನು ಕೊಂಡ ಮೀನು ಯಾವುದು ಎಂದು ಈಗ ನೆನಪಿಲ್ಲ.

ಸೆಪ್ಟೆಂಬರಿನಲ್ಲಿ ನನಗೆ ಊಟ ಸೇರದಾಯಿತು. ಸುಶೀಲ ಎರಡು ದಿನ ನೋಡಿದಳು, ಮೂರನೇ ದಿನ ತಟ್ಟೆ ಎಳೆದಿಟ್ಟು ಎದುರಿಗೆ ಕೂತಳು. ಎಲ್ಲವನ್ನೂ ಹೇಳಿದೆ. ಅಮ್ಮಮ್ಮನ ನೇಮವನ್ನೂ ಹೇಳಿದೆ. ಅವಳೂ ಕಡಲ ಕರೆಯವಳೇ, ದಡದಲ್ಲೇ ಬೆಳೆದವಳು, ಒಪ್ಪುತ್ತಾಳೆ ಎಂದುಕೊಂಡಿದ್ದೆ.

"ಅರ್ಧ ನೇಮ ಹಿಡ್ಕಂಡ್ ಕೂಕಂಡಿರಿಯಲೆ," ಎಂದಳು. ಸ್ವರ ಏರಿಸಲಿಲ್ಲ. "ದೋಣಿ ನೀರಂಗಿದ್ದಾಗ ಕೆಟ್ ಸುದ್ದಿ ಹೇಳುಕಾಗ, ಹೌದ್. ಗಾಳಿ ಎದ್ರೆ? ಗಾಳಿ ಎದ್ರೆ ಹೆಂಗ್ಸ್ರೆಲ್ಲ ಸೂಡಿ ಹೊತ್ಸ್ಕಂಡ್ ಕರೆಗ್ ಓಡ್ತಿದ್ರ್, ಬೀಸಿ ಬೀಸಿ ದೋಣಿ ವಾಪಸ್ ಕರೀತಿದ್ರ್. ಅದ್ ಯಾರ್ ಮನಿ ನೇಮ? ನಿಮ್ಮ ಅಮ್ಮಮ್ಮಂದೇ ಅಲ್ದಾ?"

ತೆಂಗಿನ ಒಣಗರಿಯನ್ನು ಬಿಗಿದು ಕಟ್ಟಿ ಹೊತ್ತಿಸಿದ ಸೂಡಿ. ಅಮ್ಮಮ್ಮ ಅದನ್ನು ತಲೆಯ ಮೇಲೆತ್ತಿ ಬೀಸುತ್ತಿದ್ದದ್ದು, ಕಿಡಿ ಹಾರಿ ಅವಳ ಸೀರೆಗೆ ತೂತು ಬೀಳುತ್ತಿದ್ದದ್ದು, ನಾನು ಅವಳ ಪಕ್ಕದಲ್ಲಿ ನಿಂತು ಅಪ್ಪಯ್ಯನ ದೋಣಿ ತಿರುಗುವುದನ್ನು ಕಂಡದ್ದು. ಎಲ್ಲವೂ ನನಗೆ ಗೊತ್ತಿದ್ದದ್ದೇ. ಸುಮ್ಮನಿರುವುದು ಸುಲಭ, ಅದಕ್ಕೇ ಅದೊಂದು ನೆನಪಿನಲ್ಲಿ ಉಳಿದಿತ್ತು.

"ಈಗ್ಲಾರೂ ಹೇಳಿ," ಎಂದಳು ಸುಶೀಲ. ಒಸಾಕಾದವರು ಆಗಲೇ ಬೇರೆ ಆಟ ಹಿಡಿದಾಗಿತ್ತು. ಇನ್ನು ಹೇಳಿ ಏನು ಎಂದು ಅದನ್ನೂ ಮುಂದೂಡಿದೆ.

ಅಕ್ಟೋಬರಿನ ಒಂದು ಭಾನುವಾರ, ಹೊರಗೆ ಗಾಳಿ ತಣ್ಣಗಾಗತೊಡಗಿದ ದಿನವೇ, ಸ್ಟುಡಿಯೋದವರನ್ನೆಲ್ಲ ಮೀಟಿಂಗ್ ಕೋಣೆಗೆ ಕರೆದರು. ಹತ್ತು ನಿಮಿಷದಲ್ಲಿ ಮುಗಿಯಿತು. ಅವರು ಹೊರಬರುವ ಹೊತ್ತಿಗೆ ಕಂಪ್ಯೂಟರುಗಳ ಬೆನ್ನಿನ ವೈರು ಕಳಚಲು ಜನ ಬಂದಿದ್ದರು. ಒಬ್ಬ ಹುಡುಗಿ ಅಳುತ್ತಿದ್ದಳು. ಮಿನೆಗಿಶಿ ಸಾನ್ ಅವಳ ಭುಜ ತಟ್ಟಿ, ತಮ್ಮ ಮೇಜಿಗೆ ಹೋಗಿ ಪೆನ್ಸಿಲ್‌ಗಳನ್ನು ಉದ್ದದ ಪ್ರಕಾರ ಜೋಡಿಸಿಟ್ಟರು.

ಕೆಲಸದ ಹೊತ್ತಿನಲ್ಲಿ ಬರೆದದ್ದೆಲ್ಲ ಕಂಪನಿಯದು, ಹಾಳೆಗಳೂ ಕೂಡ. ಅವನ್ನು ಪಟ್ಟಿ ಮಾಡಿ ರಟ್ಟಿನ ಪೆಟ್ಟಿಗೆಗೆ ತುಂಬುವ ಕೆಲಸ ನನ್ನ ಮೇಲೆ ಬಿತ್ತು. ಒಂದೊಂದಾಗಿ ಸುರುಳಿ ಸುತ್ತುವಾಗ ಅವರು ತಾವೇ ಬಂದು ಹಾಳೆಯ ಇನ್ನೊಂದು ತುದಿ ಹಿಡಿದುಕೊಂಡರು, ಮಡಿಕೆ ಬೀಳದ ಹಾಗೆ. ನಾಲ್ಕು ಪೆಟ್ಟಿಗೆಯಾಯಿತು. ಮೀನು ಒಣಗಿಸುವ ಹೆಂಗಸಿನ ಹಾಳೆಯೂ ಅದರಲ್ಲೇ ಹೋಯಿತು. ಅವರ ಜೊತೆ ಹೋದದ್ದು ಮೀನಿನ ಅಚ್ಚುಗಳು ಮಾತ್ರ.

ವೀಸಾ ರದ್ದಿನ ಕಾಗದಕ್ಕೆ ಅವರು ನನ್ನ ಎದುರೇ ಸಹಿ ಹಾಕಿದರು. ಟೈಪ್ ಮಾಡಿಸಿದ ದಿನಾಂಕದ ಮೇಲೆ ಅವರ ಕಣ್ಣು ನಿಂತದ್ದು ನನಗೆ ಕಂಡಿತು. ಕಾಗದ ಜೂನ್ ತಿಂಗಳಿನದು. ನಾನು ಅದನ್ನು ಬದಲಿಸುವುದನ್ನೂ ಮರೆತಿದ್ದೆ. ಅವರು ಕಾಗದವನ್ನು ನನ್ನ ಕಡೆಗೆ ತಿರುಗಿಸಿ ಇಟ್ಟರು.

ಏರ್‌ಪೋರ್ಟಿಗೆ ನಾನೇ ಕರೆದೊಯ್ದೆ. ಅರ್ಧ ದಾರಿಯಲ್ಲಿ ಅವರು ಕೇಳಿದರು.

"ಶೀನಾ ಸಾನ್, ಜೂನ್‌ನಲ್ಲೇ ಗೊತ್ತಿತ್ತು, ಅಲ್ಲವೇ?"

"ಹೌದು ಸಾರ್."

"ಮೆಟ್ಟಿಲ ಹತ್ತಿರ ಕೇಳಿದಾಗಲೂ."

"ಹೌದು."

ನಾನು ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದೆ. ದೋಣಿಯ ಮಾತು ಹೇಳಿದೆ. ಸೂಡಿಯ ಮಾತನ್ನೂ ಹೇಳಿದೆ: ಗಾಳಿ ಎದ್ದರೆ ಬೆಂಕಿ ಬೀಸಿ ಕರೆಯುತ್ತಿದ್ದರು, ನಾನು ಅರ್ಧ ಮಾತ್ರ ನಿಮಗೆ ಹೇಳಿದ್ದೆ, ಅರ್ಧ ಮಾತ್ರ ಮಾಡಿದೆ, ತಪ್ಪಾಯಿತು ಎಂದೆ.

"ಹಾಗಿದ್ದರೆ ನನ್ನ ಆಟವೂ ತಪ್ಪು," ಎಂದರು ಮಿನೆಗಿಶಿ ಸಾನ್. "ಕಟ್ಟೆಯ ಮೇಲೆ ಬೆಂಕಿ ಇರಬೇಕಿತ್ತು."

ಅವರ ಕೈ ತನ್ನಷ್ಟಕ್ಕೇ ಜೇಬಿನ ಪೆನ್ಸಿಲ್ ತೆಗೆಯಿತು. ಬರೆಯಲು ಹಾಳೆ ಇರಲಿಲ್ಲ. ಮತ್ತೆ ಜೇಬಿಗೆ ಇಟ್ಟುಕೊಂಡರು. "ಹೋಗೋಣ, ತಡವಾಗುತ್ತದೆ," ಎಂದರು. ಇಳಿಯುವಾಗ ಎಂದಿನಂತೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಬೈದಿದ್ದರೆ ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದೆನೋ ಏನೋ.

ಎರಡು ವರ್ಷ ಕಳೆಯಿತು. ನಾನು ಆ ಕಂಪನಿ ಬಿಟ್ಟಿದ್ದೆ. ದುಬೈಯ ಅಲ್ ಕುಸೈಸ್‌ನಲ್ಲಿರುವ ನನ್ನ ಭಾವನ ಮನೆಗೆ ಹೋದವರು ಮಕ್ಕಳನ್ನು ಕರೆದುಕೊಂಡು ಒಂದು ಮಾಲ್‌ಗೆ ಹೋದೆವು. ಒಂದು ಮೂಲೆಯಲ್ಲಿ ಆಳೆತ್ತರದ ಪರದೆ ಇಟ್ಟಿದ್ದರು. ಮೀನು ಹಿಡಿದರೆ ಅಂಗಡಿಯ ರಿಯಾಯಿತಿ ಚೀಟಿ ಸಿಗುವ ಆಟ. ಮಕ್ಕಳು ಸಾಲಾಗಿ ನಿಂತಿದ್ದರು. ಪರದೆಯ ಮೇಲೆ ಕಟ್ಟೆ ಇತ್ತು, ಬಣ್ಣ ಕಳೆದುಕೊಂಡ ದೋಣಿ ಇತ್ತು, ಓರೆಯಾದ ಮಳೆ ಇತ್ತು. ಹೆಂಗಸನ್ನು ತೆಗೆದು ಅಲ್ಲಿ ಅಂಗಡಿಯೊಂದರ ಹೆಸರು ಹಾಕಿದ್ದರು. ನಾನೂ ಸಾಲಿನಲ್ಲಿ ನಿಂತು ಆಡಿದೆ. ಆಟ ಮುಗಿದ ಮೇಲೆ ಯಾರ ಹೆಸರೂ ಬರಲಿಲ್ಲ, ಚೀಟಿ ಬಂತು.

ಅಲ್ಲಿಂದಲೇ, ಗದ್ದಲದ ನಡುವೆಯೇ, ಅವರ ಊರಿನ ನಂಬರಿಗೆ ಫೋನ್ ಮಾಡಿದೆ. ಅವರೇ ಎತ್ತಿದರು. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಹೆಸರಿಲ್ಲ ಎಂದೂ ಹೇಳಿದೆ. ಅವರು ಒಂದೇ ಒಂದು ಪ್ರಶ್ನೆ ಕೇಳಿದರು.

"ಮಕ್ಕಳು ಕಾಯುತ್ತಾರೆಯೇ?"

"ಇಲ್ಲ ಸಾರ್. ಮುಟ್ಟಿದ ಕೂಡಲೇ ಮೀನು ಬರುತ್ತದೆ."

"ಹೇಳಿದ್ದು ಒಳ್ಳೆಯದಾಯಿತು, ಶೀನಾ ಸಾನ್," ಎಂದು ಫೋನ್ ಇಟ್ಟರು.

ಮರುವರ್ಷ ಅವರ ತಂಗಿ ಒಂದು ಕಾರ್ಡ್ ಬರೆದಿದ್ದರು. ಅಣ್ಣ ಆಟ ಮಾಡುವುದನ್ನು ಬಿಟ್ಟಿದ್ದಾರೆ, ಊರಿನ ಬಂದರಿನಲ್ಲಿ ಹರಾಜಿಗೆ ಬಂದ ಮೀನಿನ ಬುಟ್ಟಿಗಳಿಗೆ ಹಿಡಿದವರ ಹೆಸರಿನ ಚೀಟಿ ಬರೆಯುವ ಕೆಲಸಕ್ಕೆ ಸೇರಿಕೊಂಡಿದ್ದಾರೆ, ಬೆಳಿಗ್ಗೆ ಐದಕ್ಕೆ ಮನೆ ಬಿಡುತ್ತಾರೆ ಎಂದಿತ್ತು.